ಅಮ್ಮ ಪರದೆಯ ಮೇಲೆ ಬರೆದದ್ದು

ಕಂಪನಿಯ ಲ್ಯಾಪ್‌ಟಾಪ್ ಮನೆಗೆ ಬಂದ ದಿನ ಅಮ್ಮ ಅದರ ಮುಚ್ಚಳಕ್ಕೆ ಕುಂಕುಮ ಇಟ್ಟಿದ್ದಳು. ಲಾಕ್‌ಡೌನ್ ಆಗಿ, ಇನ್ನು ಮೇಲೆ ಮನೆಯಿಂದಲೇ ಕೆಲಸ ಮಾಡಿ ಅಂತ ಆಫೀಸಿನವರು ಹೇಳಿದ್ದರು. ನನ್ನದು ಆರೋಗ್ಯ ವಿಮೆಯ ಅರ್ಜಿಗಳನ್ನು ಓದುವ ಕೆಲಸ. ಆಸ್ಪತ್ರೆಯ ಬಿಲ್ಲು, ಡಾಕ್ಟರ ಚೀಟಿ, ಡಿಸ್ಚಾರ್ಜ್ ಪತ್ರ ಎಲ್ಲವನ್ನೂ ಪರದೆಯ ಮೇಲೆ ಓದಿ ಇದನ್ನು ಒಪ್ಪಬಹುದು, ಇದನ್ನು ಒಪ್ಪಲಾಗದು ಎಂದು ಷರಾ ಬರೆಯಬೇಕು. ಆಫೀಸು ಜೆ.ಪಿ. ನಗರದಲ್ಲಿ, ಮನೆ ಬನಶಂಕರಿ ಎರಡನೇ ಹಂತದಲ್ಲಿ. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಮದುವೆಯಾಗಲಿಲ್ಲ. ತಂಗಿ ಗಂಡ, ಮಕ್ಕಳ ಜೊತೆ ಕುಮಾರಸ್ವಾಮಿ ಲೇಔಟಿನಲ್ಲಿದ್ದಾಳೆ.

ಲ್ಯಾಪ್‌ಟಾಪಿನ ಜೊತೆಗೆ ಅದೂ ಬಂದಿತ್ತು. ನಾವು ಕೆಲಸ ಮಾಡುತ್ತಿದ್ದೇವೋ ಇಲ್ಲವೋ ಎಂದು ದೂರದಿಂದಲೇ ನೋಡುವ ಸಾಫ್ಟ್‌ವೇರು. ಆಗಾಗ, ಯಾವಾಗ ಎಂದು ನಮಗೆ ತಿಳಿಯದ ಹಾಗೆ, ಪರದೆಯ ಚಿತ್ರ ತೆಗೆದು ಆಫೀಸಿಗೆ ಕಳಿಸುತ್ತಿತ್ತು. ಕೀಬೋರ್ಡು, ಮೌಸು ಅಲುಗಾಡುತ್ತಿದ್ದರೆ ನಮ್ಮ ಹೆಸರಿನ ಮುಂದೆ ಹಸಿರು ಪಟ್ಟಿ, ಸುಮ್ಮನಿದ್ದರೆ ಕೆಂಪು. ಸಂಜೆ ಮ್ಯಾನೇಜರಿಗೆ ವರದಿ.

ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಮೊದಲು ಕೇಳಿದ್ದು, "ಯಾರೋ ನೋಡ್ತಿರ್ತಾರೆ ಅಂತೀಯ, ಹಂಗಾದ್ರೆ ಈ ನೈಟಿ ಬಿಟ್ಟು ಒಂದು ಸೀರೆ ಉಟ್ಕೋಬಾರ್ದಾ?"

"ನನ್ನನ್ನ ನೋಡಲ್ಲಮ್ಮ. ಪರದೆ ಮಾತ್ರ ನೋಡ್ತಾರೆ."

"ಅದೇನು ನೋಡೋದೋ. ನಮ್ಮ ಸೂಪರಿಂಟೆಂಡೆಂಟೂ ಹಂಗೇ ಇದ್ದ. ಹಿಂದೆ ಬಂದು ನಿಂತ್ಕೊಳೋನು. ಅವನ ಚಪ್ಪಲಿ ಸದ್ದು ಕೇಳಿದ ತಕ್ಷಣ ನಾವೆಲ್ಲ ಏನೇನೋ ಕುಟ್ತಿದ್ವಿ. ಅವನಿಗೆ ಸದ್ದು ಬೇಕಾಗಿತ್ತು ಅಷ್ಟೇ."

ಅಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು. ಅವಳ ಮಾತು ಎಷ್ಟು ನಿಜ ಎಂದು ನನಗೆ ವಾರದೊಳಗೆ ಗೊತ್ತಾಯಿತು. ನನ್ನ ಕೆಲಸದ ಬಹುಪಾಲು ಓದುವುದು. ಹೃದಯದ ಆಪರೇಷನ್ನಿನ ಕಡತವೊಂದನ್ನು ಸರಿಯಾಗಿ ಓದಬೇಕಾದರೆ ಅಲ್ಲಾಡದೆ ಕೂರಬೇಕು. ಓದುವವಳ ಕೈ ಸುಮ್ಮನಿರುತ್ತದೆ. ಕೈ ಸುಮ್ಮನಿದ್ದರೆ ಪಟ್ಟಿ ಕೆಂಪಾಗುತ್ತದೆ. ಮೊದಲ ತಿಂಗಳು ಮ್ಯಾನೇಜರು ಫೋನ್ ಮಾಡಿ, "ಮೇಡಂ, ಯು ಆರ್ ಸೀನಿಯರ್, ಹೀಗಾದರೆ ಹೇಗೆ?" ಅಂದರು. ಆಮೇಲೆ ನಾನು ಬಲಗೈಯಲ್ಲಿ ಮೌಸನ್ನು ಸುಮ್ಮಸುಮ್ಮನೆ ಅಲ್ಲಾಡಿಸುತ್ತಾ ಓದುವುದನ್ನು ಕಲಿತೆ. ನನ್ನ ಕೆಲಸ ಕೆಟ್ಟಿತು, ಪಟ್ಟಿ ಹಸಿರಾಯಿತು. ಯಾರೂ ಮತ್ತೆ ಫೋನ್ ಮಾಡಲಿಲ್ಲ.

ಎಲ್ಲ ಸರಿಹೋಗಿ, ವಾರಪೂರ್ತಿ ಆಫೀಸಿಗೇ ಬನ್ನಿ ಎಂದು ಅವರು ಕರೆಯುವ ಹೊತ್ತಿಗೆ ಅಮ್ಮನಿಗೆ ಮರೆವು ಶುರುವಾಗಿತ್ತು. ದೊಡ್ಡದೇನಲ್ಲ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು, ಹಾಲಿನವನಿಗೆ ಎರಡು ಸಲ ಬಾಗಿಲು ತೆಗೆಯುವುದು. ಒಂದು ಮಧ್ಯಾಹ್ನ ಹಾಲು ಕಾಯಲಿಟ್ಟು ಮಲಗಿಬಿಟ್ಟಳು. ಪಾತ್ರೆ ಸುಟ್ಟು ಕರಿ ವಾಸನೆ ಬಂದು ಕೆಳಗಿನ ಮನೆಯಾಕೆ ಬಾಗಿಲು ಬಡಿದು ಎಬ್ಬಿಸಿದರು. ನಾನು ಸಂಜೆ ಬಂದಾಗ ಅಮ್ಮ ಆ ಪಾತ್ರೆಯನ್ನು ತಿಕ್ಕುತ್ತಾ ಕೂತಿದ್ದಳು. "ಹೋಗ್ತಾನೇ ಇಲ್ಲ ಕಣೇ," ಅಂದಳು. ಅವಳ ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು.

ಜೊತೆಗೆ ಯಾರನ್ನಾದರೂ ಇಡೋಣ ಎಂದರೆ ಒಪ್ಪಲಿಲ್ಲ. "ನನ್ನ ಮನೇಲಿ ನನ್ನ ಕಾಯೋಕೆ ಆಳು ಬೇಡ." ತಂಗಿ ಬಂದು ಕೂಗಾಡಿದಳು, ಅದಕ್ಕೂ ಬಗ್ಗಲಿಲ್ಲ. ದಿನದ ನಡುವೆ ಫೋನ್ ಮಾಡೋಣವೆಂದರೆ ನಮ್ಮ ಮಹಡಿಯಲ್ಲಿ ರೋಗಿಗಳ ವಿವರ ಇರುತ್ತದೆಂದು ಸ್ವಂತ ಫೋನುಗಳನ್ನು ಬಾಗಿಲ ಹೊರಗಿನ ಲಾಕರಿನಲ್ಲಿ ಇಡಬೇಕು. ಊಟದ ಹೊತ್ತಿಗೆ ಮಾತ್ರ ಅದು ಕೈಗೆ ಸಿಗುತ್ತಿತ್ತು. ಅಷ್ಟು ಹೊತ್ತು ಮನೆಯಲ್ಲಿ ಏನಾಗುತ್ತಿದೆಯೋ ತಿಳಿಯುತ್ತಿರಲಿಲ್ಲ.

ಆಗ ಹೊಳೆದದ್ದು ಆಫೀಸಿನಲ್ಲೂ ನಮ್ಮ ಮೇಲೆ ಕಣ್ಣಿಟ್ಟೇ ಇದ್ದ ಅದೇ ಸಾಫ್ಟ್‌ವೇರು. ಆಫೀಸಿನವರು ನನ್ನನ್ನು ನೋಡುವ ಹಾಗೆ ನಾನು ಅಮ್ಮನನ್ನು ಯಾಕೆ ನೋಡಬಾರದು? ತಂಗಿ ಬಿಟ್ಟುಹೋಗಿದ್ದ ಹಳೆಯ ಕಂಪ್ಯೂಟರೊಂದು ನಡುಮನೆಯಲ್ಲಿತ್ತು. ಸಣ್ಣ ಅಕ್ಷರ ಓದಲಾಗದೆ ಪೇಪರು ಬಿಟ್ಟ ಮೇಲೆ ಅಮ್ಮ ಹಗಲೆಲ್ಲ ಅದರ ಮುಂದೆಯೇ ಇರುತ್ತಿದ್ದಳು. ಹರಿಕಥೆ ಕೇಳುವುದು, ಇಸ್ಪೀಟು ಆಡುವುದು, ಅಕ್ಷರ ದೊಡ್ಡದು ಮಾಡಿಕೊಂಡು ಸುದ್ದಿ ಓದುವುದು. ಪರದೆ ಚಲಿಸುತ್ತಿದ್ದರೆ ಅಮ್ಮ ಚೆನ್ನಾಗಿದ್ದಾಳೆ ಎಂದು ಅರ್ಥ. ಬಹಳ ಹೊತ್ತು ನಿಂತಿದ್ದರೆ ರಿಸೆಪ್ಷನ್ನಿನ ಫೋನಿನಿಂದ ಕೆಳಗಿನವರಿಗೆ ಹೇಳಿ ನೋಡಿಸಬಹುದು. ಇಂಥ ಸಾಫ್ಟ್‌ವೇರು ಪುಕ್ಕಟೆ ಸಿಗುತ್ತದೆ. ಒಂದು ಭಾನುವಾರ ನಾನೇ ಕೂತು ಹಾಕಿದೆ.

ಕದ್ದು ಹಾಕಲಿಲ್ಲ. ಅಮ್ಮನಿಗೆ ಹೇಳಿಯೇ ಹಾಕಿದೆ. ಕ್ಯಾಮೆರಾವನ್ನೂ ತೋರಿಸಿದೆ.

"ಮುಖ ಬೇಡ," ಅಂದಳು. "ಬೇಕಾದ್ರೆ ಪರದೆ ನೋಡ್ಕೋ. ಇಸ್ಪೀಟಲ್ಲಿ ನಾನು ಸೋಲೋದು ನೋಡಿ ಏನು ಮಾಡ್ತೀಯೋ ಮಾಡು."

ಮರುದಿನದಿಂದ ನನ್ನ ಆಫೀಸಿನ ಪರದೆಯ ಮೂಲೆಯಲ್ಲಿ ಅಂಗೈ ಅಗಲದ ಕಿಟಕಿಯೊಂದರಲ್ಲಿ ಅಮ್ಮನ ಪರದೆ ತೆರೆದಿರುತ್ತಿತ್ತು. ಎದುರಿಗೆ ಯಾರದೋ ಮೂತ್ರಪಿಂಡದ ಕಲ್ಲಿನ ಬಿಲ್ಲು. ಮೂಲೆಯಲ್ಲಿ ಅಮ್ಮನ ಕೆಂಪು, ಕಪ್ಪು ಎಲೆಗಳು ಒಂದರ ಮೇಲೊಂದು ಕೂರುತ್ತಿದ್ದವು. ರಾಣಿಯನ್ನು ಎಲ್ಲಿಡಬೇಕೆಂದು ತೋಚದೆ ಅವಳು ಮೌಸಿನ ಬಾಣವನ್ನು ಅತ್ತಿತ್ತ ಆಡಿಸುವುದು ಕಂಡರೆ ನನಗೆ ಅವಳ ಹುಬ್ಬು ಗಂಟಿಕ್ಕಿದ್ದೂ ಕಂಡ ಹಾಗಾಗುತ್ತಿತ್ತು.

ಕೆಲವು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಇಸ್ಪೀಟು ಥಟ್ಟನೆ ಮುಚ್ಚಿತು. ಬಿಳಿ ಹಾಳೆಯೊಂದು ತೆರೆದುಕೊಂಡಿತು. ಅದರ ಮೇಲೆ ಒಂದೊಂದೇ ಅಕ್ಷರ ಮೂಡತೊಡಗಿತು.

"ನೋಡ್ತಾ ಇದೀಯಾ"

ನಾನು ಅಕ್ಕಪಕ್ಕ ನೋಡಿದೆ. ಆ ಸಾಫ್ಟ್‌ವೇರಿನಲ್ಲಿ ಇಲ್ಲಿಂದಲೇ ಅಲ್ಲಿನ ಮೌಸನ್ನು ಆಡಿಸಬಹುದು. ಅಮ್ಮನ ಹಾಳೆಯ ಮೇಲೆ ಬಾಣವನ್ನು ಒಂದು ಸುತ್ತು ಸುತ್ತಿಸಿದೆ. ಆಮೇಲೆ ಬಂತು: "ಇಲಿ ತಾನೇ ಓಡಾಡ್ತು. ನೀನೇ ಇರಬೇಕು."

ಮೌಸನ್ನು ಅವಳು ಇಲಿ ಎಂದೇ ಕರೆಯುತ್ತಿದ್ದಳು. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ.

ಅಲ್ಲಿಂದ ಅಮ್ಮ ದಿನವೂ ಬರೆಯತೊಡಗಿದಳು. ಕೈಬೆರಳಿನಲ್ಲಿ ಹಳೆಯ ಟೈಪಿಂಗಿನ ಓಟ ಇನ್ನೂ ಉಳಿದಿತ್ತು. ಒತ್ತಕ್ಷರ ಮಾತ್ರ ತಪ್ಪುತ್ತಿತ್ತು. "ಕರೆಂಟ್ ಹೋಗಿ ಬಂತು." "ಹುಳಿಗೆ ಉಪ್ಪು ಹಾಕಿದೀನೋ ಇಲ್ವೋ ನೆನಪಿಲ್ಲ, ರುಚಿ ನೋಡಿ ಹಾಕ್ಕೋ." "ನಿನ್ನ ತಂಗಿ ಫೋನ್ ಮಾಡಿದ್ಲು. ಆಶ್ರಮ ನೋಡೋಣ ಅಂತಾಳೆ. ನಾನು ಇಟ್ಟುಬಿಟ್ಟೆ." "ಊಟ ಆಯ್ತು. ನಿಂದು?" ನಾನು ಬಾಣ ಸುತ್ತಿಸಿದರೆ ಹೌದು, ಅಡ್ಡಡ್ಡ ಆಡಿಸಿದರೆ ಇಲ್ಲ. ಅಷ್ಟರಲ್ಲೇ ನಮ್ಮ ಸಂಭಾಷಣೆ.

ಮನೆಯಲ್ಲಿ ಎದುರುಬದುರು ಕೂತಾಗ ನಾವು ಇಷ್ಟು ಮಾತಾಡುತ್ತಿರಲಿಲ್ಲ. ಸಂಜೆ ನಾನು ದಣಿದು ಬರುತ್ತಿದ್ದೆ, ಅವಳಿಗೆ ಟಿವಿ. ಆದರೆ ಆ ಬಿಳಿ ಹಾಳೆಯ ಮೇಲೆ ಅವಳು ನನಗೆ ಗೊತ್ತಿಲ್ಲದ ಇನ್ನೊಬ್ಬ ಹೆಂಗಸಾಗಿದ್ದಳು. ಮೊದಲ ಸಂಬಳದಲ್ಲಿ ಗಾಂಧಿ ಬಜಾರಿನಲ್ಲಿ ಕನಕಾಂಬರ ಕೊಂಡು ಮುಡಿದು ಮನೆಗೆ ಹೋಗಿ ಬೈಸಿಕೊಂಡದ್ದು ಬರೆದಳು. ಕಚೇರಿಯಲ್ಲಿ ಜೊತೆಗಿದ್ದವಳೊಬ್ಬಳು ನಾಟಕ ಸೇರಲು ಕೆಲಸ ಬಿಟ್ಟಾಗ ತನಗೂ ಬಿಡಬೇಕೆನ್ನಿಸಿತ್ತು ಎಂದು ಬರೆದಳು. ಮರೆವು ಇಂದಿನದನ್ನು ತಿನ್ನುತ್ತಾ ಹೋದಂತೆ ಅಂದಿನದು ಹೊಳೆಯುತ್ತಾ ಬಂದಿರಬೇಕು. ಸಂಜೆ ಅದರ ಬಗ್ಗೆ ಕೇಳಿದರೆ, "ಬರ್ದಿದ್ದು ಓದಿದ್ಯಲ್ಲ, ಮತ್ತೇನು?" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಹಾಳೆ ಮುಚ್ಚುವಾಗ ಉಳಿಸಬೇಕೇ ಎಂದು ಕಂಪ್ಯೂಟರು ಕೇಳಿದರೆ ಪ್ರತಿ ಸಲವೂ ಬೇಡ ಎಂದೇ ಒತ್ತುತ್ತಿದ್ದಳು. "ಕರಡೆಲ್ಲ ಇಟ್ಕೋಬಾರ್ದು," ಅನ್ನುವುದು ಅವಳ ಕಚೇರಿಯ ಪಾಠ.

ಆ ಮಳೆಗಾಲದ ಒಂದು ದಿನ ಅವಳು ಬರೆದದ್ದು ಇದು. ನನಗೆ ನೆನಪಿರುವಷ್ಟನ್ನು ಬರೆಯುತ್ತೇನೆ. "ನೀನು ಮದುವೆ ಬೇಡ ಅಂದಾಗ ನಾನು ಜಗಳ ಆಡಿದೆ. ಅದು ನಿಮ್ಮಜ್ಜಿಗೆ ಕೇಳಿಸಲಿ ಅಂತ. ನನಗೆ ನೀನು ಮನೇಲೇ ಇರೋದು ಇಷ್ಟ ಇತ್ತು. ಇದನ್ನ ಆವಾಗ್ಲೇ ಹೇಳಬೇಕಿತ್ತು."

ನಾನು ಬಾಣ ಸುತ್ತಿಸಲಿಲ್ಲ. ಕೈ ಬರಲಿಲ್ಲ. ಎಷ್ಟೋ ವರ್ಷ ಅಮ್ಮನ ಮನಸ್ಸು ಮುರಿದವಳು ನಾನು ಎಂದೇ ತಿಳಿದು ಬದುಕಿದ್ದೆ. ಪರದೆಯನ್ನೇ ನೋಡುತ್ತಾ ಕೂತೆ. ಮೌಸೂ ಇಲ್ಲ, ಕೀಬೋರ್ಡೂ ಇಲ್ಲ. ನನ್ನ ಪಟ್ಟಿ ಕೆಂಪಾಯಿತು. ಕೆಂಪಾದಾಗ ಅದು ಹೆಚ್ಚು ಚಿತ್ರ ತೆಗೆಯುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಮ್ಯಾನೇಜರು ತಮ್ಮ ಗಾಜಿನ ಕೋಣೆಗೆ ಕರೆದರು. ಒಳಗೆ ಎಚ್‌ಆರ್ ಹುಡುಗಿಯೂ ಇದ್ದಳು. ಹಾಸನದ ಕಡೆಯವಳು, ಮಡಿವಾಳದ ಪಿಜಿಯಲ್ಲಿ ಇದ್ದುಕೊಂಡು ಬರುತ್ತಿದ್ದಳು. ಕ್ಯಾಂಟೀನಿನಲ್ಲಿ ಸಿಕ್ಕರೆ ನನ್ನ ಡಬ್ಬಿಯಿಂದ ಅಮ್ಮ ಮಾಡಿದ ಗೊಜ್ಜು ಹಾಕಿಸಿಕೊಳ್ಳುತ್ತಿದ್ದಳು. ಮ್ಯಾನೇಜರಿಗೆ ನಾಲ್ಕು ಮಾತು ಬಿಟ್ಟರೆ ಕನ್ನಡ ಬಾರದು, ಓದಲಂತೂ ಬಾರದು. ಗೋಡೆಯ ದೊಡ್ಡ ಪರದೆಯ ಮೇಲೆ ನನ್ನ ಪರದೆಯ ಚಿತ್ರವಿತ್ತು. ಎಡಗಡೆ ಯಾವುದೋ ಊರಿನ ರೋಗಿಯೊಬ್ಬನ ಕಡತ, ಬಲಗಡೆ ಕೆಳಮೂಲೆಯಲ್ಲಿ ಅಮ್ಮ. ಅದನ್ನು ದೊಡ್ಡದು ಮಾಡಿದರು. ಅಮ್ಮನ ಅಕ್ಷರಗಳು ಗೋಡೆಯಷ್ಟಗಲ ಹರಡಿ ಮಸುಕಾದವು.

"ವಾಟ್ ಈಸ್ ದಿಸ್, ಮೇಡಂ? ಯಾರ ಜೊತೆ ಚಾಟ್?"

"ಚಾಟ್ ಅಲ್ಲ ಸರ್. ನಮ್ಮಮ್ಮ. ಒಬ್ಬರೇ ಇರ್ತಾರೆ ಮನೆಯಲ್ಲಿ," ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ.

ಅವರು ಕೆಟ್ಟ ಮನುಷ್ಯರೇನಲ್ಲ. ಮೇಲಿನವರಿಗೆ ಉತ್ತರ ಕೊಡಬೇಕಿತ್ತು. ರೋಗಿಗಳ ವಿವರ ಹೊರಗೆ ಹೋಗುತ್ತಿದೆಯೇ ಎಂಬುದು ಅವರ ಹೆದರಿಕೆ. ಎಚ್‌ಆರ್ ಹುಡುಗಿಯ ಕಡೆ ತಿರುಗಿ, ಏನು ಬರೆದಿದೆ ಓದು, ಇಂಗ್ಲಿಷಿನಲ್ಲಿ ಹೇಳು ಅಂದರು.

ಅವಳು ನನ್ನ ಮುಖ ನೋಡಿದಳು. "ಸರ್, ಪರ್ಸನಲ್ ಇದೆ."

"ಆಫೀಸ್ ಸಿಸ್ಟಂನಲ್ಲಿ ಪರ್ಸನಲ್ ಏನಿಲ್ಲ. ರೀಡ್."

ಅವಳು ಓದಿದಳು. ಒತ್ತಕ್ಷರ ತಪ್ಪಿದಲ್ಲಿ ತಡವರಿಸಿದಳು. "ನನಗೆ ನೀನು ಮನೇಲೇ ಇರೋದು" ಎನ್ನುವಲ್ಲಿ ಅವಳ ದನಿ ಇಳಿಯಿತು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಮ್ಯಾನೇಜರು ತಲೆಯಾಡಿಸುತ್ತಾ ಬರೆದುಕೊಂಡರು. ನಾನು ಟೇಬಲಿನ ಅಂಚು ಹಿಡಿದು ನಿಂತಿದ್ದೆ. ನನ್ನ ತಾಯಿ ನನಗೆ ಜೀವಮಾನದಲ್ಲಿ ಒಂದೇ ಸಲ ಹೇಳಿದ ಮಾತನ್ನು ನಾನು ಗಟ್ಟಿಯಾಗಿ ಕೇಳಿದ್ದು ಹಾಗೆ, ಆ ಗಾಜಿನ ಕೋಣೆಯಲ್ಲಿ, ಬೇರೆಯವರ ಬಾಯಲ್ಲಿ.

ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅಮ್ಮನ ಪರದೆ ತೋರಿಸುತ್ತಿದ್ದ ಸೈಟನ್ನು ಆಫೀಸಿನ ಕಂಪ್ಯೂಟರುಗಳಲ್ಲಿ ತೆರೆಯದಂತೆ ಮಾಡಿದರು. ಮನೆಯಿಂದ ಕೆಲಸ ಮಾಡುತ್ತೇನೆ ಎಂದು ಕೇಳಿದೆ. ನನ್ನ ಹುದ್ದೆಗೆ ಅದು ಈಗ ಇಲ್ಲ ಅಂದರು. ರಜೆ ಹಾಕಿ ಕೂರುವಷ್ಟು ರಜೆಯೂ ಇರಲಿಲ್ಲ.

ಸಂಜೆ ಅಮ್ಮನಿಗೆ ಹೇಳಿದೆ. ಗಾಜಿನ ಕೋಣೆಯ ವಿಷಯ ಹೇಳಲಿಲ್ಲ. ಆಫೀಸಲ್ಲಿ ಅದು ಬಂದಾಗಿದೆ, ಇನ್ನು ಹಗಲು ನೋಡೋಕಾಗಲ್ಲ ಎಂದಷ್ಟೇ ಹೇಳಿದೆ.

"ಹಂಗಾದ್ರೆ ಯಾರಿಗೆ ಬರೀಲಿ?"

"ಬರ್ದಿಡಮ್ಮ. ಸಂಜೆ ಬಂದು ಓದ್ತೀನಿ."

"ಹೋಗೇ, ನೀನು ಎದುರಿಗೆ ಕೂತು ಓದೋದಾ? ನಾಚಿಕೆ ಆಗುತ್ತೆ."

ಕೊನೆಗೆ ಅಮ್ಮನೇ ಆಳಿಗೆ ಒಪ್ಪಿದಳು. ಇಲಿಯಾಸ್ ನಗರದ ಕಡೆಯಿಂದ ಒಬ್ಬ ಹೆಂಗಸು ಬೆಳಿಗ್ಗೆ ಬಂದು ಸಂಜೆಯವರೆಗೆ ಇರತೊಡಗಿದಳು. ಒಳ್ಳೆಯ ಹೆಂಗಸು. "ಅಜ್ಜಿ ದಿನಾ ಟಕಟಕ ಅಂತ ಕುಟ್ತಾ ಇರ್ತಾರೆ ಅಕ್ಕಾ," ಎಂದು ಹೇಳುತ್ತಿದ್ದಳು. "ಆಮೇಲೆ ಎಲ್ಲ ಅಳಿಸ್ಬಿಡ್ತಾರೆ." ನಾನು ಒಂದೆರಡು ಸಲ ಅಮ್ಮನಿಗೆ ಉಳಿಸು ಎಂದು ಹೇಳಿದೆ. ಹೂಂ ಅಂದಳು, ಉಳಿಸಲಿಲ್ಲ. ಬರೆದದ್ದು ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಊಟದ ಹೊತ್ತಿಗೆ ಫೋನ್ ಕೈಗೆ ಬಂದಾಗ ಅದರಲ್ಲಿ ನೋಡಿದರೆ ಅಮ್ಮ ಆಗ ಮಲಗಿರುತ್ತಿದ್ದಳು. ಪರದೆ ಕಪ್ಪಗಿರುತ್ತಿತ್ತು.

ಚಳಿಗಾಲದಲ್ಲಿ ಅಮ್ಮನಿಗೆ ಪಾರ್ಶ್ವವಾಯು ಆಯಿತು. ಬಚ್ಚಲಿನಿಂದ ಬರುತ್ತಾ ಬಿದ್ದಳು. ಆ ಹೆಂಗಸು ಕೆಳಗಿನವರನ್ನು ಕರೆದಳು, ಅವರು ತಂಗಿಗೆ ಫೋನ್ ಮಾಡಿದರು. ನನ್ನ ಫೋನು ಲಾಕರಿನಲ್ಲಿತ್ತು. ತಂಗಿ ರಿಸೆಪ್ಷನ್ನಿಗೆ ಫೋನ್ ಮಾಡಿ, ಅವರು ಒಳಗೆ ಹೇಳಿಕಳಿಸಿ, ನಾನು ಜಯನಗರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಮ್ಮನಿಗೆ ಮಾತು ಹೋಗಿತ್ತು. ಬಲಗೈ ಆಡುತ್ತಿರಲಿಲ್ಲ. ಎಡಗೈ ಬೆರಳುಗಳು ಹೊದಿಕೆಯ ಮೇಲೆ ಏನೋ ಕುಟ್ಟುವ ಹಾಗೆ ಆಗಾಗ ಅಲುಗುತ್ತಿದ್ದವು. ಅದು ನರದ ಸೆಳೆತ ಎಂದರು ಡಾಕ್ಟರು. ಅವರು ಹೇಳಿದ್ದೇ ನಿಜವಿರಬೇಕು. ಆ ವಾರದ ಕೊನೆಗೆ ಹೋದಳು.

ಕರ್ಮಗಳೆಲ್ಲ ಮುಗಿದ ಮೇಲೆ ನನಗೆ ಅವಳ ಬರಹ ಬೇಕು ಅನ್ನಿಸಿತು. ಫೋಟೋ ಇದ್ದವು, ಸೀರೆ ಇದ್ದವು. ಅವು ಬೇಡ. ಆ ಮಾತುಗಳು ಬೇಕು. ಮನೆಯ ಸಾಫ್ಟ್‌ವೇರು ಪುಕ್ಕಟೆಯದು, ಆ ಕ್ಷಣದ್ದನ್ನು ತೋರಿಸುತ್ತಿತ್ತೇ ಹೊರತು ಏನನ್ನೂ ಕೂಡಿಡುತ್ತಿರಲಿಲ್ಲ. ಕೂಡಿಟ್ಟದ್ದು ಆಫೀಸಿನದು. ಅಷ್ಟು ತಿಂಗಳು ನನ್ನ ಪರದೆಯ ಚಿತ್ರಗಳಲ್ಲೆಲ್ಲ ಮೂಲೆಯಲ್ಲಿ ಅಮ್ಮ ಇದ್ದಳು. ಕನಕಾಂಬರ ಇತ್ತು, ಹುಳಿ ಇತ್ತು, ಇಲಿ ಇತ್ತು.

ಕೆಲಸಕ್ಕೆ ಮರಳಿದ ದಿನವೇ ಎಚ್‌ಆರ್ ಹುಡುಗಿಯ ಹತ್ತಿರ ಹೋದೆ. ಅವಳು ನನ್ನ ಕೈ ಹಿಡಿದುಕೊಂಡಳು. "ಕೇಳಿ ನೋಡ್ತೀನಿ ಮೇಡಂ," ಅಂದಳು. ಉತ್ತರ ಬಂದದ್ದು ಮ್ಯಾನೇಜರಿಂದ. ಪ್ರತಿ ಚಿತ್ರದಲ್ಲೂ ರೋಗಿಗಳ ವಿವರ ಇರುತ್ತದೆ, ಹೊರಗೆ ಕೊಡುವಂತಿಲ್ಲ.

"ಆ ಮೂಲೆ ಮಾತ್ರ ಕತ್ತರಿಸಿ ಕೊಡಿ ಸರ್. ಕೊಡೋದು ಬೇಡ, ಒಂದು ಸಲ ತೋರಿಸಿ. ಇಲ್ಲೇ ಕೂತು ಓದ್ಕೋತೀನಿ."

"ಐ ಆಮ್ ಸಾರಿ ಫಾರ್ ಯುವರ್ ಲಾಸ್. ಬಟ್ ಪಾಲಿಸಿ, ಮೇಡಂ."

ಕೆಲವು ವಾರ ಕಳೆದು ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಳು. ಅವಳು ಆ ಕೆಲಸ ಬಿಟ್ಟಾಗಿತ್ತು. ಪಕ್ಕಕ್ಕೆ ಕರೆದು, "ನೀವು ಕಾಯ್ತಾ ಇರಬೇಡಿ ಮೇಡಂ," ಅಂದಳು. "ಆ ಸ್ಕ್ರೀನ್‌ಶಾಟೆಲ್ಲ ಇಲ್ಲ. ಸ್ವಲ್ಪ ಕಾಲ ಆದ್ಮೇಲೆ ಸಿಸ್ಟಮ್ಮೇ ಅಳಿಸುತ್ತೆ. ನೀವು ಕೇಳೋ ಹೊತ್ತಿಗೇ ಹೋಗಿತ್ತು."

"ಯಾರಾದ್ರೂ ಓದಿದ್ರಾ?"

"ಯಾರೂ ನೋಡಲ್ಲ ಮೇಡಂ. ಕೆಂಪು ಬಂದಾಗ ಮಾತ್ರ. ಉಳಿದಿದ್ದು ಸುಮ್ನೆ ಹೋಗಿ ಬೀಳುತ್ತೆ, ಆಮೇಲೆ ಅಳಿಸಿಹೋಗುತ್ತೆ."

"ನಿನ್ನ ಹತ್ರ ಓದಿಸಿದ್ದು?"

ಅವಳು ತಲೆ ತಗ್ಗಿಸಿದಳು. "ಅದರ ಚಿತ್ರಾನೂ ಇಲ್ಲ. ವಾರ್ನಿಂಗ್ ಲೆಟರ್ ಜೊತೆ ಫೈಲಲ್ಲಿ ಒಂದು ಸಾಲು ಇದೆ, ನಾನೇ ಟೈಪ್ ಮಾಡಿದ್ದು. ನಿಮಗೆ ತೊಂದರೆ ಆಗಬಾರ್ದು ಅಂತ ಹಂಗೆ ಬರೆದೆ." ಆ ಸಾಲನ್ನು ಇಂಗ್ಲಿಷಿನಲ್ಲೇ ಹೇಳಿದಳು. ಕನ್ನಡದಲ್ಲಿ ಅದು ಇಷ್ಟು: ಹಳೆಯ ಕೌಟುಂಬಿಕ ವಿಷಯ, ಕಚೇರಿಯ ಕೆಲಸಕ್ಕೆ ಸಂಬಂಧಿಸಿದ್ದಲ್ಲ.

ಬಸ್ಸು ಬಂತು. ಅವಳು ಹತ್ತಿಕೊಂಡಳು. ನಾನು ನಿಲ್ದಾಣದಲ್ಲೇ ನಿಂತಿದ್ದೆ. ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಒಂದು ಮುಖವೂ ಸಿಗದೆ ಹೋದದ್ದೇ ನನಗೆ ಈ ಎಲ್ಲದರಲ್ಲಿ ಅತಿ ಕಹಿಯಾದದ್ದು.

ತಂಗಿಗೆ ಒಂದು ಭಾನುವಾರ ಇದನ್ನೆಲ್ಲ ಹೇಳಿದೆ. ಅವಳು ಅತ್ತಳು, ಆಮೇಲೆ ಜಗಳ ತೆಗೆದಳು. "ನಾನು ಪ್ರತಿ ವಾರ ಬರ್ತಿದ್ದೆ. ನನ್ನ ಹತ್ರ ಒಂದು ಮಾತೂ ಆಡ್ಲಿಲ್ಲ. ನನ್ನ ಬಗ್ಗೆ ಏನಾದ್ರೂ ಬರ್ದಿದ್ಲಾ?" ಅವಳು ಫೋನ್ ಮಾಡಿದ್ದು, ಆಶ್ರಮದ ಮಾತು, ಅಮ್ಮ ಇಟ್ಟುಬಿಟ್ಟದ್ದು, ಅಷ್ಟೇ ನನಗೆ ನೆನಪಿದ್ದದ್ದು. ಬರೆದಿದ್ದಳು, ನಿನ್ನ ಕೈ ಅಡುಗೆ ನನ್ನದಕ್ಕಿಂತ ಚೆನ್ನ ಅಂತ ಬರೆದಿದ್ದಳು, ಅಂದೆ. ತಂಗಿ ನಂಬಿದಳೋ ಇಲ್ಲವೋ. ಮೂಲ ಇಲ್ಲದ ಮೇಲೆ ನಾನು ಹೇಳಿದ್ದೇ ಅಮ್ಮ ಬರೆದದ್ದು.

ಕೆಲಸ ಬಿಟ್ಟೆ ಎಂದು ಬರೆಯಲು ಆಸೆಯಿದೆ. ಬಿಡಲಿಲ್ಲ. ಈ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗಲಿ? ಹೋದರೆ ಅಲ್ಲೂ ಅದೇ ಇರುತ್ತದೆ. ಮನೆಯ ಕಂಪ್ಯೂಟರನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಟ್ಟೆ. ಈಗ ಆಫೀಸಿನಲ್ಲಿ ನನ್ನ ಪರದೆಯ ಮೂಲೆಯಲ್ಲಿ ಏನೂ ಇಲ್ಲ. ಗಮನ ಎತ್ತಲೂ ಹೋಗುವುದಿಲ್ಲ, ಬಲಗೈ ತಾನಾಗಿಯೇ ಮೌಸನ್ನು ಆಡಿಸುತ್ತಿರುತ್ತದೆ. ಹೋದ ತಿಂಗಳ ಮೀಟಿಂಗಿನಲ್ಲಿ ಮ್ಯಾನೇಜರು ಗೋಡೆಯ ಮೇಲೆ ಎಲ್ಲರ ಪಟ್ಟಿಗಳನ್ನು ತೋರಿಸಿದರು. ನನ್ನದು ಈ ತುದಿಯಿಂದ ಆ ತುದಿಯವರೆಗೆ ಹಸಿರು. ನನ್ನನ್ನು ಎದ್ದು ನಿಲ್ಲಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಸೂರು ಪಾಕಿನ ಡಬ್ಬಿ ಕೊಟ್ಟರು. ನಾನು ಥ್ಯಾಂಕ್ಯೂ ಸರ್ ಅಂದೆ. ಡಬ್ಬಿ ಬಿಚ್ಚಿ ಎಲ್ಲರಿಗೂ ಒಂದೊಂದು ಹಂಚಿ ನನ್ನ ಜಾಗಕ್ಕೆ ಹೋಗಿ ಕೂತೆ.